ಮೊದಲ ಅರ್ಧ ಗಂಟೆಯ ನೀರು

ಗಂಡನ ಅಂಗಿಯನ್ನು ಸೋಪಿನ ನೀರಿಗೆ ಅದ್ದುವ ಮೊದಲು ಸರೋಜ ಅಭ್ಯಾಸದಂತೆ ಅದರ ಜೇಬಿಗೆ ಕೈ ಹಾಕಿದಳು. ಮೂರು ದಿನದಿಂದ ಕೊಪ್ಪದಲ್ಲಿ ಮಳೆ ಬಿಡುವು ಕೊಟ್ಟಿತ್ತು. ಸೆಪ್ಟೆಂಬರಿನಲ್ಲಿ ಇಂಥ ಬಿಡುವು ಸಿಕ್ಕಿದರೆ ಊರಿನ ಹೆಂಗಸರು ಹೊದಿಕೆಯಿಂದ ಹಿಡಿದು ಕಾಲೊರಸಿನವರೆಗೆ ಎಲ್ಲವನ್ನೂ ಒಗೆದು ಬಿಸಿಲಿಗೆ ಹಾಕುತ್ತಾರೆ. ಜೇಬಿನಿಂದ ಬಂದದ್ದು ಮಡಿಚಿ ಮಡಿಚಿ ಹಳೆ ಬಟ್ಟೆಯಂತೆ ಮೆತ್ತಗಾದ ಒಂದು ಪತ್ರ, ಜೊತೆಗೆ ವಿಳಾಸ ಅಚ್ಚಾಗಿದ್ದ ಒಂದು ಖಾಲಿ ಲಕೋಟೆ.

“ರೀ, ಇದು ಇನ್ನೂ ಇಲ್ಲೇ ಉಂಟಲ್ಲ. ಇವತ್ತಿಗೆ ಇಪ್ಪತ್ತೆರಡು ದಿನ.”

ತ್ರ್ಯಂಬಕ ಹಲ್ಲುಜ್ಜುತ್ತಿದ್ದವನು ಬಾಯಿ ತುಂಬಾ ನೊರೆ ಇಟ್ಟುಕೊಂಡೇ ಉತ್ತರ ಕೊಟ್ಟ. “ಬರೀತೀನಿ ಮಾರಾಯ್ತಿ. ಪತ್ರ ಬರಿಯೋದು ಅಂದ್ರೆ ದೋಸೆ ಹೊಯ್ದ ಹಾಗಾ?”

“ಊರಿನವರದ್ದೆಲ್ಲ ದೋಸೆ ಹೊಯ್ದ ಹಾಗೇ ಬರಕೊಡ್ತೀರಲ್ಲ. ಬಸವೇಶನದ್ದು ಮಾತ್ರ ಯಾಕೆ ಕಾವಲಿಗೆ ಅಂಟಿಕೊಂಡಿದೆ?”

ತ್ರ್ಯಂಬಕ ಮುಕ್ಕಳಿಸಿ ಉಗುಳಿದ. ಹೆಂಡತಿ ಹೇಳಿದ್ದು ಸುಳ್ಳೇನಲ್ಲ. ಬಸ್‌ಸ್ಟ್ಯಾಂಡಿನ ಪಕ್ಕದ ಕಚೇರಿಯ ಅಂಗಳದಲ್ಲಿ ಒಂದು ಮಳೆಮಾಪಕವಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಅದರಲ್ಲಿ ಎಷ್ಟು ನೀರು ಬಿದ್ದಿದೆ ಎಂದು ಅಳೆದು ಬರೆದಿಡುವುದು ಅವನ ಕೆಲಸ. ಹದಿನಾರು ವರ್ಷದಿಂದ ಒಂದು ದಿನ ತಪ್ಪಿದ್ದಿಲ್ಲ. ಉಳಿದ ಹೊತ್ತು ಅದೇ ಜಗಲಿಯಲ್ಲಿ ಕುಳಿತು ಜನರಿಗೆ ಅರ್ಜಿ ಬರೆದು ಕೊಡುತ್ತಿದ್ದ. ಪಹಣಿಯ ಅರ್ಜಿಗೆ ಐದು ನಿಮಿಷ, ಕರೆಂಟಿನ ದೂರಿಗೆ ಏಳು ನಿಮಿಷ. ಆದರೆ ಈ ನಾಲ್ಕು ಸಾಲಿನ ಪತ್ರ ಇಪ್ಪತ್ತೆರಡು ದಿನದಿಂದ ಜೇಬಿನಲ್ಲಿ ಕಾವು ಕೂತಿತ್ತು.

ಪತ್ರ ಬಂದದ್ದು ಬೆಂಗಳೂರಿನ ಒಂದು ನೀರು ಪರೀಕ್ಷೆಯ ಕಂಪನಿಯಿಂದ. ಬೆಂಗಳೂರಿನ ಆಚೆ ಹೊಸದಾಗಿ ಆದ ದೊಡ್ಡ ವಿಮಾನ ನಿಲ್ದಾಣದಲ್ಲಿ ಮಳೆ ಬಂದಾಗ ರನ್‌ವೇ ಮೇಲಿನ ಎಣ್ಣೆ, ಟೈರಿನ ಕಪ್ಪು, ಇಂಧನದ ತೊಟ್ಟು ಎಲ್ಲ ತೊಳೆದು ಚರಂಡಿಗೆ ಬರುತ್ತದೆ. ಆ ಚರಂಡಿ ಮುಂದೆ ಊರಿನ ಕೆರೆಗೆ ಸೇರುತ್ತದೆ. ಅದಕ್ಕೆ ಪ್ರತಿ ಮಳೆಯ ನೀರನ್ನೂ ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಬೇಕು. ಮೊದಲು ಇಟ್ಟುಕೊಂಡ ಹುಡುಗರು ಮಳೆ ಬಂದ ಕೂಡಲೇ ಮಾಡಿನ ಕೆಳಗೆ ಓಡುತ್ತಿದ್ದರಂತೆ. ಮಳೆಗೆ ಅಂಜದವರು ಬೇಕು ಎಂದು ಕಂಪನಿ ಪೇಪರಿನಲ್ಲಿ ಹಾಕಿತ್ತು. ಅರ್ಜಿ ಹಾಕಿದ್ದು ಕೊಡೆ ರಿಪೇರಿಯ ಬಸವೇಶ. ‘ನನ್ನನ್ನು ಬಲ್ಲವರು’ ಎಂಬಲ್ಲಿ ಅವನು ತ್ರ್ಯಂಬಕನ ಹೆಸರು ಬರೆದಿದ್ದ. ಅವನ ಗುಣ ದೋಷ ಎರಡನ್ನೂ ಪತ್ರದ ಕೆಳಗೆ ಬಿಟ್ಟ ಜಾಗದಲ್ಲೇ ನಾಲ್ಕು ಸಾಲಿನಲ್ಲಿ ಬರೆದು ಮೂರು ದಿನದೊಳಗೆ ಕಳಿಸಿ ಎಂದು ಕಂಪನಿ ಕೇಳಿತ್ತು.

ಅಂದಿನಿಂದ ತ್ರ್ಯಂಬಕನ ಹೊಟ್ಟೆ ಹಸಿ ಸೌದೆ ತುರುಕಿದ ಒಲೆಯಂತಾಗಿತ್ತು. ಉರಿಯುವುದೂ ಇಲ್ಲ, ಆರುವುದೂ ಇಲ್ಲ. ಮಳೆ ಅಳೆದವನು ತಾನು. ವಿಮಾನ ನಿಲ್ದಾಣಕ್ಕೆ ಹೋಗುವವನು ಕೊಡೆಗೆ ಕಡ್ಡಿ ಕಟ್ಟುವವನು. ಪತ್ರ ಹೋಗದಿದ್ದರೆ ಬಸವೇಶನ ಅರ್ಜಿ ಬಿದ್ದು ಹೋಗುತ್ತದೆ. ಆಗ ಕಂಪನಿಯವರು ಮಳೆ ಬಲ್ಲ ಇನ್ನೊಬ್ಬನನ್ನು ಹುಡುಕುತ್ತಾರೆ. ಕೊಪ್ಪದಲ್ಲಿ ಅಂಥವನು ಇನ್ಯಾರಿದ್ದಾರೆ? ಇದು ಅವನು ಹೆಂಡತಿಗೂ ಹೇಳದ ಲೆಕ್ಕಾಚಾರ. ಪತ್ರವನ್ನು ಕಿಟಕಿಯ ಮೇಲಿಟ್ಟು ಅವನು ಹೊರಟ.

ಮಾಪಕದ ಬಾಟಲಿಯಲ್ಲಿ ಒಂದು ಜೇಡ ಬಿಟ್ಟರೆ ಏನೂ ಇರಲಿಲ್ಲ. ಪುಸ್ತಕದಲ್ಲಿ ಸೊನ್ನೆ ಬರೆದು ತಲೆ ಎತ್ತುವಾಗ ಗೇಟಿನ ಬಳಿ ಒಂದು ಜೀಪು ನಿಂತಿತು. ಅದರಿಂದ ಇಳಿದ ಹುಡುಗಿಯ ಕೈಯಲ್ಲಿ ಐಸ್ ಪೆಟ್ಟಿಗೆ ಇತ್ತು. ಅವಳ ಹಿಂದೆ ಹಳದಿ ರೇನ್‌ಕೋಟು ಹಾಕಿಕೊಂಡು, ಮದುಮಗನ ಹಾಗೆ ತಲೆ ಬಗ್ಗಿಸಿ, ಬಸವೇಶ ಇಳಿದ. ರೇನ್‌ಕೋಟಿನ ಬೆನ್ನಿಗೆ ಬೆಳ್ಳಿಯಂಥ ಎರಡು ಪಟ್ಟಿ. ತ್ರ್ಯಂಬಕನ ಒಲೆಗೆ ಇನ್ನೂ ಎರಡು ಹಸಿ ಸೌದೆ ಬಿತ್ತು.

“ನೀವೇ ತ್ರ್ಯಂಬಕ ಅಲ್ವಾ ಸರ್? ನಾನು ಶಿವಾನಿ, ನೀರು ಪರೀಕ್ಷೆಯ ಕಂಪನಿಯ ಇಂಜಿನಿಯರು. ನಿಮ್ಮ ಪತ್ರ ಬರಲೇ ಇಲ್ಲ.”

“ಬರ್ಲಿಲ್ವಾ?” ತ್ರ್ಯಂಬಕ ಕನ್ನಡಕ ತೆಗೆದು ಒರೆಸಿದ. “ನಾನು ಆವತ್ತೇ ಹಾಕಿದೀನಲ್ಲ ಮೇಡಂ. ದಾರಿಲಿ ಎಲ್ಲೋ ನಿಂತಿರಬೇಕು.”

“ಇರಬಹುದು,” ಎಂದು ಅವಳು ಸಣ್ಣ ಪುಸ್ತಕದಲ್ಲಿ ಏನೋ ಬರೆದುಕೊಂಡಳು. “ಮೂರು ದಿನ ಒಣಗಿದ ನೆಲದ ಮೇಲೆ ಬಿದ್ದ ಮಳೆಯೇ ನಮಗೆ ಬೇಕು. ಇಲ್ಲಿ ಈಗ ಸರಿಯಾಗಿ ಮೂರು ದಿನ ಆಗಿದೆಯಂತೆ. ಬಸ್‌ಸ್ಟ್ಯಾಂಡಿನ ಕಾಂಕ್ರೀಟು ನೆಲವನ್ನೇ ರನ್‌ವೇ ಅಂದ್ಕೊಂಡು ಬಸವೇಶ್ ಒಂದು ಸಲ ನೀರು ಹಿಡಿದು ತೋರಿಸಲಿ ಅಂತ ಬಂದೆ.”

ತ್ರ್ಯಂಬಕನಿಗೆ ದಾರಿ ಕಂಡಿತು. “ಮೇಡಂ, ನೀರು ಹಿಡಿಯೋದಕ್ಕೂ ಮೊದಲು ಮಳೆ ಗೊತ್ತಿರಬೇಕು. ನಾನೂ ಒಂದು ಬಾಟ್ಲಿ ಹಿಡಿದು ತೋರಿಸ್ಲಾ?”

ಬಸವೇಶ ಸಂತೋಷದಿಂದ ತಲೆ ಆಡಿಸಿದ. “ಒಳ್ಳೇದಾಯ್ತು ತ್ರ್ಯಂಬಕಣ್ಣ. ನೀವಿದ್ರೆ ನಂಗೂ ಧೈರ್ಯ.”

“ಹಿಡೀರಿ ಸರ್,” ಎಂದಳು ಶಿವಾನಿ. “ಮಳೆ ಶುರುವಾದ ಮೊದಲ ಅರ್ಧ ಗಂಟೆಯೊಳಗೆ ತುಂಬಿಸಿ, ಟೈಮು ಬರೆದು, ಐಸಿಗೆ ಇಡಬೇಕು. ಅಷ್ಟೇ ನಿಯಮ.”

ಬಸ್‌ಸ್ಟ್ಯಾಂಡಿಗೆ ಎರಡು ಚರಂಡಿ ಬಾಯಿ. ಬಲಗಡೆಯದು ಬಸವೇಶನಿಗೆ, ಎಡಗಡೆಯದು ತ್ರ್ಯಂಬಕನಿಗೆ ಎಂದಾಯಿತು. ಹತ್ತು ನಿಮಿಷದಲ್ಲಿ ಸುದ್ದಿ ಹರಡಿತು. ಹೂವಿನ ವೀರಬಸಮ್ಮ ಬುಟ್ಟಿ ಸಮೇತ ಬಂದು ಕಂಬಕ್ಕೆ ಒರಗಿದಳು. ಹೋಟೆಲಿನ ಸುಬ್ಬಪ್ಪ ಚಾದ ಲೋಟ ಹಿಡಿದೇ ಬಂದ. ಶೃಂಗೇರಿ ಬಸ್ಸು ಹತ್ತಬೇಕಾದವರು ಒಂದು ಬಸ್ಸು ಬಿಟ್ಟು ಮುಂದಿನದಕ್ಕೆ ಹೋದರಾಯಿತು ಎಂದು ನಿಂತರು.

“ಎಂತ ಹಿಡೀತಾರಂತೆ?”

“ಚರಂಡಿ ನೀರು.”

“ಅದಕ್ಕೆ ಸಂಬಳ ಉಂಟಾ?”

“ಉಂಟಂತೆ. ವಿಮಾನ ಇಳಿಯೋದನ್ನೂ ದಿನಾ ನೋಡಬಹುದಂತೆ.”

“ಹಾಗಾದ್ರೆ ನಮ್ಮನೆಯವರೂ ಹಿಡೀಲಿ. ಮನೇಲಂತೂ ಒಂದು ಕೊಡ ನೀರು ಹಿಡಿಯಲ್ಲ,” ಎಂದಳು ವೀರಬಸಮ್ಮ.

ಹನ್ನೊಂದು ಗಂಟೆಯ ಹೊತ್ತಿಗೆ ಮೋಡ ಇಳಿಯಿತು. ಒಂದು ಹನಿ ಬಸವೇಶನ ಮೂಗಿನ ಮೇಲೆ ಬಿತ್ತು. ಕೊಡೆ ರಿಪೇರಿಯವನಿಗೆ ಮೊದಲ ಹನಿ ಎಂದರೆ ಅಂಗಡಿಯ ಗಂಟೆ ಬಾರಿಸಿದ ಹಾಗೆ. ಅವನು ಗಡಿಯಾರ ನೋಡಿ, ಬಾಟಲಿಯ ಮೇಲೆ ಟೈಮು ಬರೆದು, ಚರಂಡಿಯ ಬಾಯಿಗೆ ಮುಖ ಕೊಟ್ಟು ನೆಲಕ್ಕೆ ಬೋರಲಾಗಿ ಮಲಗಿಬಿಟ್ಟ. ತ್ರ್ಯಂಬಕ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತೇ ಇದ್ದ.

“ಸರ್, ಮಳೆ ಬಂತಲ್ಲ,” ಎಂದಳು ಶಿವಾನಿ.

ತ್ರ್ಯಂಬಕ ಅಂಗೈ ಚಾಚಿ, ಅದರ ಮೇಲೆ ಬಿದ್ದ ತುಂತುರನ್ನು ಅಕ್ಕಿಯಲ್ಲಿ ಕಲ್ಲು ಹುಡುಕುವವನಂತೆ ನೋಡಿದ. “ಇದು ಮಳೆಯಾ ಮೇಡಂ? ಇದಕ್ಕೆ ಮಳೆ ಅಂದ್ರೆ ಕೊಪ್ಪದಲ್ಲಿ ಯಾರಾದ್ರೂ ನಕ್ಕಾರು.”

“ಹೌದು ಕೂಸೇ,” ಎಂದು ವೀರಬಸಮ್ಮ ಬೆಂಬಲಕ್ಕೆ ಬಂದಳು. “ಇದು ಹೂವಿಗೆ ಚಿಮುಕಿಸೋ ನೀರಿನಷ್ಟೂ ಇಲ್ಲ.”

“ಸೌಂಡೇ ಇಲ್ಲದ್ದು ಎಂತ ಮಳೆ?” ಎಂದ ಸುಬ್ಬಪ್ಪ. “ಹೆಂಚಿನ ಮೇಲೆ ಬಿದ್ರೆ ಎದುರಿನವ ಮಾತಾಡಿದ್ದು ಕೇಳಬಾರದು. ಅದು ಮಳೆ.”

ಬಸ್ಸಿಗೆ ಕಾದವರೆಲ್ಲ ಹೌದು ಹೌದು ಎಂದರು. ಊರಿಗೆ ಊರೇ ತನ್ನ ಪರ ಇದೆ ಎಂದು ತ್ರ್ಯಂಬಕನಿಗೆ ಎದೆಯುಬ್ಬಿತು. ಸುಬ್ಬಪ್ಪನ ಕೈಯಿಂದ ಚಾ ತೆಗೆದುಕೊಂಡು ಕುಡಿದ. ಬಸವೇಶನ ಕಡೆ ನೋಡಿದ. ಬಸ್ಸುಗಳಿಂದ ಮೂರು ದಿನ ತೊಟ್ಟಿಕ್ಕಿದ ಎಣ್ಣೆಯ ಮೇಲೆ ತುಂತುರು ಹರಿದು, ನವಿಲಿನ ಕತ್ತಿನಂಥ ಬಣ್ಣ ಹೊತ್ತು ಸಣ್ಣ ಎಳೆಯಾಗಿ ಚರಂಡಿಗೆ ಇಳಿಯುತ್ತಿತ್ತು. ಬಸವೇಶ ಉಸಿರು ಬಿಗಿಹಿಡಿದು ಅದನ್ನು ಬಾಟಲಿಗೆ ಇಳಿಸಿಕೊಳ್ಳುತ್ತಿದ್ದ. ಪಾಪ, ಹೊಸ ರೇನ್‌ಕೋಟೆಲ್ಲ ಮಸಿ ಎಂದುಕೊಂಡು ತ್ರ್ಯಂಬಕ ಇನ್ನೊಂದು ಗುಟುಕು ಕುಡಿದ.

ಮುಕ್ಕಾಲು ಗಂಟೆಯ ಮೇಲೆ ನಿಜವಾದ ಮಳೆ ಬಂತು. ಆಕಾಶದಿಂದ ಯಾರೋ ಗುಡಾಣ ಬೋರಲು ಹಾಕಿದಂತೆ. ಜನ ಚದುರಿ ಮಾಡಿನ ಕೆಳಗೆ ಸರಿದರು. ತ್ರ್ಯಂಬಕ ಆಗ ಎದ್ದ. ಪಂಚೆ ಎತ್ತಿ ಕಟ್ಟಿ, ಕೊಡೆಯಿಲ್ಲದೆ, ಎಲ್ಲರೂ ನೋಡುವ ಹಾಗೆ ನಡೆದುಹೋಗಿ, ಒಂದೇ ಬಾರಿಗೆ ಬಾಟಲಿ ತುಂಬಿಸಿಕೊಂಡು ಬಂದ. ಎರಡು ಬಾಟಲಿಯನ್ನೂ ಶಿವಾನಿ ಬೆಂಚಿನ ಮೇಲೆ ಇಟ್ಟಳು. ತ್ರ್ಯಂಬಕನದು ಎಳನೀರಿನ ಹಾಗೆ ತಿಳಿ. ಬಸವೇಶನದು ಸುಬ್ಬಪ್ಪನ ಹೋಟೆಲಿನ ಕಾಫಿ ಡಿಕಾಕ್ಷನ್ನಿಗಿಂತ ಗಟ್ಟಿ.

“ತ್ರ್ಯಂಬಕಯ್ಯಂದೇ ಚಂದ,” ಎಂದಳು ವೀರಬಸಮ್ಮ. “ದೇವರ ತಲೆ ಮೇಲೆ ಹಾಕಬಹುದು.”

“ಬಸವೇಶ, ಬೇಜಾರು ಮಾಡ್ಕೋಬೇಡ,” ಎಂದ ತ್ರ್ಯಂಬಕ, ಬೆನ್ನು ತಟ್ಟುತ್ತ. “ಕೆಲಸ ಕಲೀಬೇಕು.”

ಶಿವಾನಿ ಬಸವೇಶನ ಬಾಟಲಿಗೆ ಚೀಟಿ ಅಂಟಿಸಿ ಐಸ್ ಪೆಟ್ಟಿಗೆಗೆ ಇಟ್ಟಳು. ತ್ರ್ಯಂಬಕನ ಬಾಟಲಿಯನ್ನು ಚರಂಡಿಗೆ ಚೆಲ್ಲಿದಳು. “ಕೊಳೆ ಎಷ್ಟಿದೆ ಅಂತ ತಿಳಿಯೋಕೆ ತಾನೆ ಸರ್ ನಾವು ನೀರು ಹಿಡಿಯೋದು. ಅದು ಮೊದಲ ತುಂತುರಿಗೇ ತೊಳೆದು ಹೋಗ್ತದೆ. ಆಮೇಲೆ ಹಿಡಿದ್ರೆ ರನ್‌ವೇ ನೀರೂ ಕುಡಿಯೋ ಹಾಗೇ ಇರ್ತದೆ.”

ಮಾಡಿನ ಕೆಳಗೆ ಒಬ್ಬ ಕೆಮ್ಮಿದ. ಇಷ್ಟು ಹೊತ್ತು ಹೌದು ಹೌದು ಎಂದವರೇ ಈಗ, “ಹಾಗೇ ಅಲ್ವಾ ಮತ್ತೆ, ಕೊಳೆ ತೊಳೆಯೋದು ಮೊದಲ ನೀರೇ,” ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಇಲ್ಲಿಗೆ ಬಿಟ್ಟಿದ್ದರೆ ತ್ರ್ಯಂಬಕನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಆ ಹಳದಿ ರೇನ್‌ಕೋಟು ಕಣ್ಣಿಗೆ ಚುಚ್ಚುತ್ತಿತ್ತು. “ಮೇಡಂ, ಮೊದಲ ನೀರೂ ಒಂದು ಬಾಟ್ಲಿ ಹಿಡಿದಿಟ್ಟಿದ್ದೆ, ಮರೆತುಹೋಯ್ತು. ಈಗ ತರ್ತೀನಿ,” ಎಂದು ಹೋಟೆಲಿನ ಹಿಂಬದಿಗೆ ಓಡಿದ. ಅಲ್ಲಿ ಸಿಕ್ಕಿದ ಕಪ್ಪು ನೀರನ್ನು ತುಂಬಿಸಿ, ಹನ್ನೊಂದು ಗಂಟೆ ಎಂದು ಬರೆದು ತಂದ. ಶಿವಾನಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಅದರೊಳಗೆ ಒಂದು ಕರಿಬೇವಿನ ಎಲೆ ಮೆಲ್ಲಗೆ ತಿರುಗುತ್ತಿತ್ತು. ತಳದಲ್ಲಿ ನಾಲ್ಕು ಸಾಸಿವೆ.

“ರನ್‌ವೇಗೆ ಯಾರೂ ಒಗ್ಗರಣೆ ಹಾಕಲ್ಲ ಸರ್,” ಎಂದಳು ಅವಳು.

ಸುಬ್ಬಪ್ಪ ಬಗ್ಗಿ ನೋಡಿದ. “ಇದು ನಿನ್ನೆ ಸಾರು ಮಾರಾಯ್ರೆ. ಇವತ್ತಿಂದು ಇನ್ನೂ ಇಳಿಸಿಲ್ಲ.”

ಅದೇ ಹೊತ್ತಿಗೆ ಮಳೆಯಲ್ಲಿ ಸರೋಜ ಬಂದಳು. ಹರವಿದ್ದ ಬಟ್ಟೆಯನ್ನೆಲ್ಲ ಒಳಗೆ ಹಾಕಿ, ಗಂಡ ಕೊಡೆ ಬಿಟ್ಟು ಹೋಗಿದ್ದಾನಲ್ಲ ಎಂದು ತಂದಿದ್ದಳು. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪತ್ರ, ಲಕೋಟೆ. “ಇದನ್ನೂ ಬಿಟ್ಟು ಬಂದಿದೀರಿ. ಹೊರಡೋ ಮೊದಲು ಬರೆದಿಟ್ಟಿರಬಹುದು, ನಾನೇ ಪೋಸ್ಟಿಗೆ ಹಾಕೋಣ ಅಂತ ನೋಡಿದ್ರೆ ಒಳಗೆ ನೀವು ಎಂತದೂ ಬರೆದೇ ಇಲ್ಲ. ಇಪ್ಪತ್ತೆರಡು ದಿನ ಬಸವೇಶ ಕಾದಿದಾನೆ ರೀ.”

ತ್ರ್ಯಂಬಕ ಕನ್ನಡಕ ಒರೆಸಲು ಹೋದ. ಒರೆಸುವುದಕ್ಕೆ ಮೈಮೇಲೆ ಒಣಗಿದ ಬಟ್ಟೆಯೇ ಇರಲಿಲ್ಲ.

“ಬಸವೇಶ್ ಕಾಯ್ತಿರಲಿಲ್ಲ ಅಮ್ಮ,” ಎಂದಳು ಶಿವಾನಿ. “ಅವರಿಗೆ ಕೆಲಸ ಕೊಟ್ಟು ಎರಡು ವಾರ ಆಯ್ತು. ಸೋಮವಾರ ಸೇರ್ತಾರೆ. ಇವತ್ತು ನಾನು ಕಲಿಸೋದಕ್ಕೆ ಬಂದದ್ದು.”

“ಹಾಗಾದ್ರೆ ಪತ್ರ?” ಎಂದ ತ್ರ್ಯಂಬಕ.

“ಪತ್ರ ನಿಮಗೋಸ್ಕರ ಸರ್. ನೀರು ಹಿಡಿಯೋರ ಮೇಲೆ ವರದಿ ಬರೆಯೋರು ಒಬ್ಬರು ಬೇಕಾಗಿತ್ತು. ಇಪ್ಪತ್ನಾಲ್ಕು ಗಂಟೆಯೊಳಗೆ, ಇದ್ದದ್ದು ಇದ್ದ ಹಾಗೆ ಬರೆದು ಕಳಿಸೋರು. ಸಂಬಳ ಬಸವೇಶ್‌ದಕ್ಕಿಂತ ಎರಡು ಪಟ್ಟು, ಇರೋದಕ್ಕೆ ಕ್ವಾರ್ಟರ್ಸು. ಬಸವೇಶ್ ರಿಪೇರಿಗೆ ಹೋಗೋ ಮೂರು ಊರಿನಲ್ಲೂ ಮಳೆ ಅಳೆದು ಬರೆಯೋರ ಹೆಸರು ಕೊಟ್ಟಿದ್ರು. ಮೂವರಿಗೂ ಒಂದೇ ಪತ್ರ ಹಾಕಿದ್ವಿ, ಯಾರು ಹೇಗೆ ಬರೀತಾರೆ ನೋಡೋಣ ಅಂತ. ಶೃಂಗೇರಿಯವರದ್ದು ಐದನೇ ದಿನ ಬಂತು. ಎನ್.ಆರ್. ಪುರದ ಮಹೇಶ್ವರ ಅವರದ್ದು ಮಾರನೇ ದಿನವೇ. ಗುಣ ಮೂರು, ದೋಷ ಒಂದು. ‘ಕೊಡೆಗೆ ಬಟ್ಟೆ ಹೊಲಿಯುವಾಗ ಹಾಡುತ್ತಾನೆ, ಸ್ವರ ಸರಿಯಿಲ್ಲ’ ಅಂತ.”

“ಅದು ಹೌದು,” ಎಂದ ಬಸವೇಶ, ನಾಚಿಕೊಂಡು. ಆಮೇಲೆ ತ್ರ್ಯಂಬಕನ ಕಡೆ ತಿರುಗಿದ. “ನಾನು ಮೇಡಂಗೆ ಹೇಳಿದ್ದೆ ಅಣ್ಣ, ಮೂವರಲ್ಲಿ ನಮ್ಮ ತ್ರ್ಯಂಬಕಣ್ಣನಷ್ಟು ಬರಹ ಯಾರಿಗೂ ಇಲ್ಲ, ಅವರಿಗೇ ಕೊಡಿ ಅಂತ. ನಿಮಗೆ ಹೇಳಬಾರದು ಅಂದಿದ್ರು. ನೀವು ಮೇಲಿದ್ರೆ ನಂಗೂ ಊರಿನವರು ಅಂತ ಆಗ್ತಿತ್ತು.”

“ಅದಕ್ಕೇ ಹದಿನೈದು ದಿನ ಕಾದ್ವಿ ಸರ್. ಆಮೇಲೆ ಮಹೇಶ್ವರ ಅವರನ್ನ ತಗೊಂಡ್ವಿ. ಅವರು ಆಗಲೇ ವಿಮಾನ ನಿಲ್ದಾಣದಲ್ಲಿದಾರೆ.”

ಎನ್.ಆರ್. ಪುರ. ಕೊಪ್ಪದ ಮಳೆಯಲ್ಲಿ ಅರ್ಧವೂ ಬೀಳದ ಊರು. ಅಲ್ಲಿಯವನು ದಿನಾ ವಿಮಾನ ನೋಡುತ್ತ ಕೂತಿದ್ದಾನೆ. ತ್ರ್ಯಂಬಕನಿಗೆ ಬಸವೇಶನ ಮೇಲಿದ್ದ ಸಂಕಟವೆಲ್ಲ ಒಂದೇ ನಿಮಿಷದಲ್ಲಿ ಬುತ್ತಿ ಕಟ್ಟಿಕೊಂಡು, ಬೆಂಗಳೂರಿನ ದಾರಿ ಹಿಡಿದು, ಮಹೇಶ್ವರನ ಕ್ವಾರ್ಟರ್ಸಿನ ಬಾಗಿಲಿಗೆ ಹೋಗಿ ನಿಂತಿತು.

“ಆದ್ರೂ ಫೈಲಿಗೆ ಮೂರೂ ಪತ್ರ ಬೇಕು,” ಎಂದಳು ಶಿವಾನಿ, ಜೀಪು ಹತ್ತುತ್ತ. “ಕೈಯಲ್ಲಿ ಕೊಟ್ರೆ ಆಗಲ್ಲ. ಪೋಸ್ಟಿನ ಮುದ್ರೆ ಬಿದ್ದು ಬರಬೇಕು.”

ಅಂಚೆ ಕಚೇರಿಯ ಕಟ್ಟೆಯ ಮೇಲೆ ಕುಳಿತು ತ್ರ್ಯಂಬಕ ಪತ್ರ ಬಿಡಿಸಿದ. ಸೂರಿನ ನೀರು ಕಾಗದಕ್ಕೆ ಸಿಡಿಯದ ಹಾಗೆ ಬಸವೇಶ ಕೊಡೆ ಹಿಡಿದು ನಿಂತ. ಕೆಳಗೆ ನೋಡಬಾರದು ಎಂದು ಅವನು ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡಿದ್ದ.

‘ಗುಣ’ ಎಂಬಲ್ಲಿ ತ್ರ್ಯಂಬಕ ಬಹಳ ಹೊತ್ತು ಪೆನ್ನು ಇಟ್ಟುಕೊಂಡು ಕೂತ. ಕಡೆಗೆ ಬರೆದ: ‘ಮಳೆ ಶುರುವಾದದ್ದು ಇವನಿಗೆ ನನಗಿಂತ ಮುಕ್ಕಾಲು ಗಂಟೆ ಮೊದಲು ತಿಳಿಯುತ್ತದೆ.’ ‘ದೋಷ’ ಎಂಬಲ್ಲಿ ಬರೆದ: ‘ತನ್ನನ್ನು ಬಲ್ಲವರು ಎಂದು ನನ್ನ ಹೆಸರು ಕೊಟ್ಟದ್ದು.’ ಸಹಿ ಹಾಕಿದ. ತಾರೀಕು ಹಾಕುವಾಗ ಮಾತ್ರ ಕೈ ತಡೆಯಿತು. ಇಪ್ಪತ್ತೆರಡು ದಿನ ಹಿಂದಿನದು ಬರೆಯಲೋ ಎಂದು ಒಂದು ಗಳಿಗೆ ಯೋಚಿಸಿ, ಇವತ್ತಿನದನ್ನೇ ಬರೆದ.

“ಆಯ್ತಾ ಅಣ್ಣ?” ಎಂದ ಬಸವೇಶ, ಇನ್ನೂ ರಸ್ತೆಯನ್ನೇ ನೋಡುತ್ತ.

“ಆಯ್ತು ಮಾರಾಯ.”

ತ್ರ್ಯಂಬಕ ಲಕೋಟೆಯನ್ನು ಅಂಟಿಸಿ, ಸ್ಟಾಂಪು ಹಚ್ಚಿ, ಕೆಂಪು ಡಬ್ಬಿಯ ಬಾಯಿಗೆ ತುರುಕಿ ಕೈ ಬಿಟ್ಟ.