ಕರಿಬೇವಿನ ಬುಡ ಅಗೆಸಿದ ಮೆಟಲ್ ಡಿಟೆಕ್ಟರ್‌ಗೆ

ಮಾನ್ಯ ಮೆಟಲ್ ಡಿಟೆಕ್ಟರ್ ಅವರೇ,

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಮೂರು ಸಂಸಾರಗಳು ಹಂಚಿಕೊಂಡಿರುವ ಒಂದು ವಿಲ್ಲಾದ ಬಲಭಾಗದಲ್ಲಿ ವಾಸವಾಗಿರುವ ಮಗ್ದಲೀನ್ ಮಾಡುವ ಸವಿನಯ ವಂದನೆಗಳು. ತಮ್ಮ ಕಿವಿ ಚುರುಕಾಗಲಿ, ತಮ್ಮ ಬ್ಯಾಟರಿ ಎಂದೂ ಇಳಿಯದಿರಲಿ ಎಂದು ಹಾರೈಸುವುದು ಶಿಷ್ಟಾಚಾರ. ಮೊದಲನೆಯದನ್ನು ಮನಸಾರೆ ಹಾರೈಸುತ್ತೇನೆ.

ಎಡಭಾಗದ ನಿವಾಸಿಗಳೂ ನಮ್ಮೂರ ಕಡೆಯವರೂ ಆದ ದ್ವಾರಕನಾಥರು ತಮ್ಮನ್ನು ತರಿಸಿಕೊಂಡದ್ದು ಅಂಗಳದಲ್ಲಿ ಹಳೆಯ ಬೆಳ್ಳಿ ನಾಣ್ಯ ಹುಡುಕಲಿಕ್ಕೆ. ಒಂದು ಕಾಲದಲ್ಲಿ ಈ ಕರಾವಳಿಯಲ್ಲಿ ನಮ್ಮ ರೂಪಾಯಿಯೇ ಓಡಾಡುತ್ತಿತ್ತು, ಮುತ್ತಿನ ವ್ಯಾಪಾರಿಗಳು ಅದನ್ನು ಮಡಕೆಯಲ್ಲಿ ತುಂಬಿ ನಮ್ಮ ಅಂಗಳದಲ್ಲಿ ಹೂತಿಟ್ಟರು ಎಂಬುದು ಅವರ ವಾದ. ವಾದದ ಮೊದಲರ್ಧ ನಿಜ, ನಾನೂ ಓದಿದ್ದೇನೆ. ಆದರೆ ನಮ್ಮ ಅಂಗಳದ ಮಣ್ಣು ಟಿಪ್ಪರ್‌ನಲ್ಲಿ ಬಂದದ್ದು. ಈ ರಸ್ತೆಗೆ ಇನ್ನೂ ದೀಪ ಹಾಕಿರದ ದಿನಗಳಲ್ಲಿ ಅದನ್ನು ಸುರಿಯುವುದನ್ನು ನಾನು ಕಿಟಕಿಯಲ್ಲಿ ನಿಂತು ನೋಡಿದ್ದೇನೆ. ಮುತ್ತಿನ ವ್ಯಾಪಾರಿಯೊಬ್ಬ ಮಡಕೆ ಹಿಡಿದು ಆ ಟಿಪ್ಪರ್‌ನಿಂದ ಇಳಿದಿದ್ದರೆ ಕರೆದು ಚಹಾ ಕೊಡುತ್ತಿದ್ದೆ.

ತಮ್ಮ ಸಮದೃಷ್ಟಿಯನ್ನು ಹೊಗಳದೆ ಇರಲಾರೆ. ಬೆಳ್ಳಿ ಮೇಲು, ತಗಡು ಕೀಳು ಎಂಬ ಭೇದವಿಲ್ಲದೆ ಪೆಪ್ಸಿ ಬಾಟಲಿಯ ಬಿರಡೆಗೂ, ಪೇಂಟ್ ಡಬ್ಬಿಯ ಮುಚ್ಚಳಕ್ಕೂ, ಯಾರದೋ ಕಬಾಬಿನ ಕಂಬಿಗೂ ತಾವು ಒಂದೇ ಭಕ್ತಿಯಿಂದ ಕುಂಯ್ ಎಂದಿರಿ. ದ್ವಾರಕನಾಥರು ಪ್ರತಿಯೊಂದನ್ನೂ ಲಿಂಬೆಹುಳಿಯಲ್ಲಿ ತಿಕ್ಕಿ ರಾಜರ ತಲೆಗಾಗಿ ಹುಡುಕಿದರು. ಮಹಡಿಯ ಮೇಲಿನ ರಸೀನಾ, ಅಂಗಳದಲ್ಲಿ ಒಗೆದ ಬಟ್ಟೆ ಒಣಗಿಸಲು ಬಂದು ಹೊಂಡಕ್ಕೆ ಕಾಲಿಟ್ಟವಳು, ಈ ಮನುಷ್ಯ ಬಾವಿ ತೋಡುವುದಾದರೂ ಒಂದೇ ಕಡೆ ತೋಡಬಾರದೇ ಎಂದು ಕೇಳಿದಳು. ಅಲ್ಲಿಯವರೆಗೆ ನಾನೂ ನಗುತ್ತಿದ್ದೆ.

ಆಮೇಲೆ ತಾವು ನನ್ನ ಕರಿಬೇವಿನ ಬಳಿ ಹೋದಿರಿ.

ಅದು ಹಿಂದೆಂದೋ ದುಬೈಯ ಊದ್ ಮೇಥಾದ ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಬರುವಾಗ, ಗೆಳತಿ ಸುಸನ್ ಒದ್ದೆ ಕರವಸ್ತ್ರದಲ್ಲಿ ಸುತ್ತಿ ಕೊಟ್ಟ ಬೆರಳುದ್ದದ ಸಸಿ. ಇಲ್ಲಿನ ಬೇಸಿಗೆಗಳಲ್ಲಿ ಬೆಡ್‌ಶೀಟಿನ ನೆರಳು ಕಟ್ಟಿ, ಅಕ್ಕಿ ತೊಳೆದ ನೀರು ಹೊಯ್ದು, ಅದನ್ನು ನನ್ನ ಭುಜದೆತ್ತರಕ್ಕೆ ತಂದಿದ್ದೆ. ರಸೀನಾಳ ಮೀನು ಸಾರಿಗೂ, ದ್ವಾರಕನಾಥರ ಒಗ್ಗರಣೆಗೂ ಎಲೆ ಹೋಗುತ್ತಿದ್ದುದು ಅಲ್ಲಿಂದಲೇ. ಎಲೆ ಹಳದಿಯಾದರೆ ಬುಡಕ್ಕೆ ತುಕ್ಕು ಹಿಡಿದ ಮೊಳೆ ಹೂಳುವುದು ನಮ್ಮ ಕಡೆಯ ರೂಢಿ. ನನ್ನ ಗಂಡ ಮೊರಿಸ್ ದುಬೈಯ ಅಲ್ ಕೂಜ್‌ನ ಬಡಗಿ ವರ್ಕ್‌ಶಾಪಿನಿಂದ ಒಂದು ಮುಷ್ಟಿ ತಂದುಕೊಟ್ಟಿದ್ದ, ನಾನೇ ಹೂತಿದ್ದೆ. ಗಿಡ ಕಪ್ಪು ಹಸುರಾಗಿತ್ತು.

ಭಾನುವಾರ ನಾವು ಇಗರ್ಜಿಯಿಂದ ಬರುವಷ್ಟರಲ್ಲಿ ಗಿಡ ಬೇರುಸಮೇತ ಪೇಪರಿನ ಮೇಲೆ ಮಲಗಿತ್ತು. ಪಕ್ಕದಲ್ಲಿ ಮೊಳೆಗಳು ಸ್ನಾನ ಮಾಡಿ ಸಾಲಾಗಿ ಕುಳಿತಿದ್ದವು. ಇವು ಮುತ್ತು ತೆಗೆಯುವವರ ಹಳೆಯ ಹಾಯಿದೋಣಿಯ ಮೊಳೆಗಳು ಎಂದು ದ್ವಾರಕನಾಥರು ಅದಾಗಲೇ ತೀರ್ಮಾನಿಸಿದ್ದರು. ನಾನು ಮೊರಿಸನ ಹೆಸರು, ವರ್ಕ್‌ಶಾಪಿನ ಹೆಸರು ಎಲ್ಲ ಹೇಳಿದೆ. ಮೊರಿಸ್, ಅವು ವರ್ಕ್‌ಶಾಪಿಗೆ ಫ್ರಿಜ್ ಬಂದ ಪೆಟ್ಟಿಗೆಯ ಮೊಳೆಗಳೆಂದು ಆಣೆ ಮಾಡಿದ. ದ್ವಾರಕನಾಥರು ನನ್ನನ್ನು ಕನಿಕರದಿಂದ ನೋಡಿದರು.

"ನಿಮ್ಮ ಮೊಳೆ ಯಾವಾಗಲೋ ಕರಗಿ ಹೋಗಿರ್ತದೆ ಬಾಯಮ್ಮ. ಇದು ಅದರ ಕೆಳಗಿನದ್ದು."

ಈಗ ಆ ಮೊಳೆಗಳು ಅವರ ಶೋಕೇಸಿನಲ್ಲಿ ಹತ್ತಿಯ ಮೇಲೆ ಮಲಗಿವೆ, ನೋಡಲು ಪಕ್ಕದ ಕಾಂಪೌಂಡಿನಿಂದಲೂ ಜನ ಬರುತ್ತಾರೆ. ಕರಿಬೇವು ನನ್ನ ಬಾಗಿಲಲ್ಲಿ ಪೇಂಟ್ ಬಕೆಟಿನಲ್ಲಿದೆ, ಅರ್ಧ ಎಲೆ ಉದುರಿದೆ, ಅದನ್ನು ನೋಡಲು ರಸೀನಾ ಒಬ್ಬಳೇ ಬರುತ್ತಾಳೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ: ಮೊಳೆಯ ಹುಟ್ಟೂರನ್ನು ಕೇಳಿ ತಿಳಿದುಕೊಂಡ ಮೇಲೆಯೇ ಕೂಗುವ ಅಭ್ಯಾಸ ಮಾಡಿಕೊಳ್ಳಬೇಕು. ಲೋಹದಂತೆಯೇ ಬೇರಿಗೂ ಒಂದು ಸದ್ದನ್ನು ಗೊತ್ತುಮಾಡಬೇಕು, ಅದು ಆದಷ್ಟು ಬೈಗುಳದ ಧ್ವನಿಯಲ್ಲಿರಲಿ. ಮತ್ತು ನನ್ನ ಗಿಡ ಚಿಗುರುವವರೆಗೆ, ದ್ವಾರಕನಾಥರು ಗುಂಡಿ ಒತ್ತಿದರೂ, ನೆಲದಲ್ಲಿ ಸಾಮ್ರಾಜ್ಯವೇ ಹೂತಿದ್ದರೂ, ತಾವು ದಯವಿಟ್ಟು ಬಾಯಿ ಮುಚ್ಚಿಕೊಂಡಿರಬೇಕು.

ಇಂತಿ, ಗೋಡೆಯ ಈಚೆಯಿಂದ
ತಮ್ಮ ವಿಶ್ವಾಸಿ,
ಮಗ್ದಲೀನ್

ಮರೆತ ಮಾತು: ಬಕೆಟಿನ ಗಿಡಕ್ಕೆ ಈಗ ಕಬ್ಬಿಣ ಬೇಕೇ ಬೇಕು, ಶೋಕೇಸಿನ ಬೀಗ ತೆಗೆಯಲು ದ್ವಾರಕನಾಥರು ಒಪ್ಪುತ್ತಿಲ್ಲ. ತಮ್ಮನ್ನು ಮಾತ್ರ ಅವರು ಬೀಗವಿಲ್ಲದೆ ಮೆಟ್ಟಿಲ ಕೆಳಗೆ ಒರಗಿಸಿಡುತ್ತಾರೆ. ತಮ್ಮ ಮೈಯಲ್ಲಿ ಕಬ್ಬಿಣ ಎಷ್ಟಿದ್ದೀತು ಎಂದು ಮೊರಿಸನನ್ನು ಕೇಳಿದ್ದೇನೆ. ಬಿಚ್ಚಿ ನೋಡಿದರೆ ತಿಳಿಯುತ್ತದೆ ಎಂದಿದ್ದಾನೆ.