ಅಕರೋವಾದಲ್ಲಿ ತೇಲಿ ತೇಲಿ ಬಂದ ಬಾಗಿನ

ಗಂಗೆಯನ್ನು ಜಡೆಯಲ್ಲಿಟ್ಟುಕೊಂಡು, ನಮ್ಮಂಥವರ ಎಡವಟ್ಟುಗಳನ್ನೆಲ್ಲ ನಂಜಿನ ಹಾಗೆ ಗಂಟಲಲ್ಲೇ ತಡೆದುಕೊಂಡಿರುವ ನಮ್ಮ ನಂಜುಂಡೇಶ್ವರನಿಗೆ ಮೊದಲು ಕೈಮುಗಿಯುತ್ತೇನೆ.

ಭಕ್ತಿ ಇರುವ ಮನೆಯಲ್ಲಿ ನಗುವಿಗೆ ಬರವಿಲ್ಲ. ದೇವರಿಗೆ ಏನೋ ಒಂದು ಮಾತು ಕೊಟ್ಟಿರುತ್ತೇವೆ; ನಡೆಸಿಕೊಡಲು ಹೊರಟರೆ ಊರೆಲ್ಲ ಅಡ್ಡ ಬರುತ್ತದೆ. ನಮ್ಮ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಹೋದ ಬೇಸಿಗೆಯಲ್ಲಿ ಆದದ್ದನ್ನು ಹೇಳುತ್ತೇನೆ.

ಕೈಮುಗಿದು ಫೇಲಾದದ್ದು

ವೆಲ್ಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿ ನಾವು ಮೂವರು: ನಾನು, ನಮ್ಮ ಯಜಮಾನರು, ಕಾಲೇಜು ಮುಗಿಸಿದ ಮಗಳು. ಮೈಸೂರಿನಲ್ಲಿ ಹಸು, ಆಟೋ, ಮದುವೆ ಮೆರವಣಿಗೆಗಳ ನಡುವೆ ಕಾರು ಓಡಿಸಿದ ಯಜಮಾನರಿಗೆ ಇಲ್ಲಿಯ ಡ್ರೈವಿಂಗ್ ಟೆಸ್ಟ್ ಮಾತ್ರ ಒಲಿಯಲಿಲ್ಲ.

ಮೊದಲ ಸಲ ದಾರಿಯಲ್ಲಿ ಒಂದು ಚರ್ಚು ಸಿಕ್ಕಿತು. ದೇವಸ್ಥಾನ ದಾಟುವಾಗ ಕೈಮುಗಿಯುವುದು ಇವರ ಹುಟ್ಟುಗುಣ. ದೇವರು ಯಾವ ಮನೆಯಲ್ಲಿದ್ದರೇನು ಅಂತ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಮುಗಿದರು. ಪಕ್ಕದಲ್ಲಿದ್ದ ಪರೀಕ್ಷಕರೂ ತಕ್ಷಣ ದೇವರನ್ನು ನೆನೆದರಂತೆ, ಸ್ವಲ್ಪ ಜೋರಾಗಿಯೇ.

ಎರಡನೇ ಸಲವೂ ಅದೇ ರಸ್ತೆ, ಅದೇ ಚರ್ಚು, ಅದೇ ಕೈ.

ಆಗ ನಾನು ಹರಕೆ ಹೊತ್ತೆ. "ತಾಯಿ ಗಂಗೆ, ಇವರು ಪಾಸಾದರೆ, ಮುಂದೆ ಯಾವ ಊರಿಗೆ ಪ್ರವಾಸ ಹೋಗುತ್ತೇವೋ ಆ ಊರಿನ ಹರಿಯುವ ನೀರಿಗೆ ಬಾಗಿನ ಕೊಡುತ್ತೇನೆ. ಪಾಸಾದ ಮೇಲೂ, ಬಾಗಿನ ಕೊಡುವವರೆಗೆ ಇವರು ಸ್ಟಿಯರಿಂಗ್ ಮುಟ್ಟುವುದಿಲ್ಲ."

ಮೂರನೇ ಸಲ ಪಾಸಾದರು. ಲೈಸೆನ್ಸು ಜೇಬಿನಲ್ಲಿ, ಕಾರು ಬಾಗಿಲಲ್ಲಿ, ನಡುವೆ ನನ್ನ ಹರಕೆ.

"ನನ್ನ ಲೈಸೆನ್ಸಿಗೆ ನಿನ್ನ ಹರಕೆ ಯಾಕೇ ಅಡ್ಡ?" ಅಂದರು.

"ನಿಮ್ಮ ಕೈಗೆ ದೇವರು ಅಡ್ಡ ಬಂದ ಹಾಗೆ ರೀ" ಅಂದೆ.

ಫ್ರಾನ್ಸಿಗಿಂತ ಫ್ರೆಂಚ್

ಪ್ರವಾಸಕ್ಕೆ ಅಕರೋವಾ ಅಂತ ಮೊದಲೇ ನಿಶ್ಚಯವಾಗಿತ್ತು. ಕ್ರೈಸ್ಟ್‌ಚರ್ಚ್‌ವರೆಗೆ ವಿಮಾನ, ಆಮೇಲೆ ಬಾಡಿಗೆ ಕಾರು. ಮಗಳು ಓಡಿಸಿದಳು. ಯಜಮಾನರು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತಿದರು. ಒಣಹುಲ್ಲಿನ ಗುಡ್ಡಗಳನ್ನು ಹತ್ತಿ ಇಳಿದರೆ ಸಮುದ್ರದ ಚಾಚಿನ ದಡದಲ್ಲಿ ಊರು. ಹಿಂದೆ ಫ್ರೆಂಚರು ಹಡಗಿನಲ್ಲಿ ಬಂದು ನೆಲೆಸಿದ್ದು. ಬೀದಿಗಳಿಗೆ ಈಗಲೂ ಫ್ರೆಂಚ್ ಹೆಸರು, ಮನೆಗಳ ಮುಂದೆ ಗುಲಾಬಿ. ಗುಡ್ಡದಿಂದ ಇಳಿದ ತೊರೆಯೊಂದು ಊರನ್ನು ದಾಟಿ ಕಡಲು ಸೇರುತ್ತದೆ. ಅದನ್ನು ಕಂಡದ್ದೇ ನನ್ನ ಮನಸ್ಸು ತಣ್ಣಗಾಯಿತು.

ಯಜಮಾನರು ವಿಮಾನದಲ್ಲೆಲ್ಲ ಫೋನು ನೋಡಿಕೊಂಡು ಫ್ರೆಂಚ್ ಉರುಹೊಡೆದಿದ್ದರು. ನಾವು ಇಳಿದುಕೊಂಡ ಮನೆಯ ಒಡತಿ ಬಾಗಿಲು ತೆರೆದದ್ದೇ "ಬೋಂಜೂರ್ ಮದಾಮ್" ಅಂತ ಬಾಗಿದರು.

"ಕಿಯಾ ಓರಾ!" ಅಂತ ಇಲ್ಲಿಯ ಮಾವೊರಿ ಮಾತಿನಲ್ಲಿ ನಮಸ್ಕಾರ ಹೇಳಿದರು ಆಕೆ, ಕೈಯಲ್ಲಿ ಪೊರಕೆ ಹಿಡಿದು. ಆಕೆಯ ಅಜ್ಜಿಯ ಅಜ್ಜಿ ಆ ಫ್ರೆಂಚರ ಹಡಗಿನಲ್ಲೇ ಬಂದವರಂತೆ.

"ನೀವು ಫ್ರಾನ್ಸಿಗೆ ಹೋಗಿದ್ದೀರಾ?" ಅಂತ ಕೇಳಿದೆ.

"ಒಂದು ಸಲ. ಚೆನ್ನಾಗಿದೆ. ಆದರೆ ನಮ್ಮೂರಿನಷ್ಟು ಫ್ರೆಂಚ್ ಆಗಿಲ್ಲ."

ತಾಯಿ ಬೇಡವೆಂದಳು

ಬಾಗಿನವೆಂದರೆ ಎರಡು ಬಿದಿರಿನ ಮೊರ. ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಶಿನ ಕುಂಕುಮ, ಬಳೆ, ಬಾಚಣಿಗೆ, ಕನ್ನಡಿ, ರವಿಕೆ ಬಟ್ಟೆ. ಅದರ ಮೇಲೆ ಇನ್ನೊಂದನ್ನು ಮುಚ್ಚಿ ದಾರ ಸುತ್ತುವುದು. ಆಕ್ಲೆಂಡಿನ ಪಾಪಟೋಯ್ಟೋಯ್‌ನ ಇಂಡಿಯನ್ ಅಂಗಡಿಯಿಂದ ಮೊರ ತರಿಸಿದ್ದೆ.

ಮರುದಿನ ಬೆಳಿಗ್ಗೆ ತೊರೆಗೆ ದೀಪ ತೋರಿಸಿ ಬಾಗಿನ ಬಿಟ್ಟೆ. ಅದು ತೇಲುತ್ತ ತಿರುವು ದಾಟಿ ಕಣ್ಮರೆಯಾಯಿತು. ಯಜಮಾನರು ಆಗಲೇ ಕಾರಿನ ಕನ್ನಡಿ ಸರಿಮಾಡುತ್ತಿದ್ದರು.

"ಒಂದು ದಿನ ತಡೀರಿ. ತಾಯಿ ಒಪ್ಪಿಕೊಂಡಳೋ ನೋಡೋಣ."

ಸಂಜೆ ಕಡಲಿನ ಉಬ್ಬರ ಬಂತು. ಮನೆಯೊಡತಿ ಬಾಗಿಲು ತಟ್ಟಿದರು, ಕೈಯಲ್ಲಿ ನೀರು ಸೋರುವ ಬಾಗಿನ. "ನಿಮ್ಮ ಬುಟ್ಟಿ ಕಳೆದುಹೋಗಿತ್ತು, ಡಿಯರ್. ದಡಕ್ಕೆ ಬಂದು ಬಿದ್ದಿತ್ತು. ಒಂದು ಸಾಮಾನೂ ಹೋಗಿಲ್ಲ!"

ಅವರ ಮುಖದಲ್ಲಿ ಅಷ್ಟು ಸಂತೋಷ. ಬೇಕೆಂದೇ ಬಿಟ್ಟದ್ದು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಯಜಮಾನರು ಕಾರಿನ ಕೀಲಿಯನ್ನು ಮಗಳಿಗೆ ಕೊಟ್ಟು, "ಇಷ್ಟು ಪ್ರಾಮಾಣಿಕ ದೇಶದಲ್ಲಿ ಹರಕೆ ಹೊರಬಾರದು ಕಣೇ" ಅಂದರು.

ನಾಯಿಯೂ ಒಪ್ಪಲಿಲ್ಲ

ಅಲೆ ಹೊತ್ತು ತರುವ ಜಾಗ ಬೇಡವೆಂದು, ಬೇಳೆ ಬೆಲ್ಲ ಹೊಸದಾಗಿ ತುಂಬಿ, ಮರುದಿನ ಗುಡ್ಡದಾಚೆಯ ಹಳ್ಳಿಗಾಡಿಗೆ ಹೋದೆವು. ವಾಲ್‌ನಟ್ ಮರಗಳ ನೆರಳು, ಕುರಿಗಳು, ಕಣಿವೆಯಲ್ಲಿ ಜುಳುಜುಳು ತೊರೆ. ತೋಟದ ರೈತರ ಅಪ್ಪಣೆ ಕೇಳಿ, ಮಂತ್ರ ಹೇಳಿ ಬಾಗಿನ ಬಿಟ್ಟೆ.

ಎಲ್ಲಿತ್ತೋ, ಅವರ ಕುರಿ ಕಾಯುವ ನಾಯಿ ದಬಕ್ಕನೆ ನೀರಿಗೆ ಹಾರಿ, ಬಾಗಿನ ಕಚ್ಚಿಕೊಂಡು ಬಂದು ನನ್ನ ಪಾದದ ಬಳಿ ಇಟ್ಟಿತು. ಮತ್ತೆ ಬಿಟ್ಟೆ. ಮತ್ತೆ ತಂದಿತು. ಬಾಲ ಅಲ್ಲಾಡಿಸುತ್ತ ಮುಂದಿನದಕ್ಕೆ ಕಾದು ನಿಂತಿತು.

"ಗುಡ್ ಬಾಯ್!" ಅಂದರು ರೈತರು.

"ಬ್ಯಾಡ್ ಬಾಯ್!" ಅಂದರು ಯಜಮಾನರು.

ಮಗಳು ಹುಲ್ಲಿನ ಮೇಲೆ ಬಿದ್ದು ನಕ್ಕಳು. "ಅಪ್ಪಾ, ಡಾಗ್‌ಗೂ ನಿಮ್ಮ ಡ್ರೈವಿಂಗ್ ಗೊತ್ತು!"

ನೀರಿನ ಮಾತು

ಅಂದು ಸಂಜೆ ಮನೆಯೊಡತಿಗೆ ಎಲ್ಲವನ್ನೂ ಬಿಚ್ಚಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

"ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಹಿರಿಯರು ನೀರಿಗೂ ಜೀವವಿದೆ ಅನ್ನುತ್ತಾರೆ, ಡಿಯರ್. ಅದಕ್ಕೇ ನಾವು ಅದರೊಳಗೆ ಏನೂ ಹಾಕುವುದಿಲ್ಲ. ಸುಮ್ಮನೆ ಮಾತಾಡಿಸಿ ಬರುತ್ತೇವೆ."

ಜೀವವಿದೆ ಎಂದೇ ಅಲ್ಲವೇ ನಾನೂ ಕೊಡಲು ಬಂದದ್ದು? ತಾಯಿ ಒಂದಲ್ಲ ಎರಡು ಸಲ ಬಾಗಿನ ವಾಪಸ್ ಕಳಿಸಿದಳು, ನನಗೇ ಅರ್ಥವಾಗಲಿಲ್ಲ. ಮೊದಲ ಸಲ ಯಾರ ಕೈಯಲ್ಲಿ ಕಳಿಸಿದ್ದಳು? ಈಕೆಯ ಕೈಯಲ್ಲಿ. ನಮ್ಮಲ್ಲಿ ಬಾಗಿನ ನದಿಗೂ ಕೊಡುತ್ತಾರೆ, ಮುತ್ತೈದೆಗೂ ಕೊಡುತ್ತಾರೆ.

ಬೆಳಿಗ್ಗೆ ತೊರೆಯ ಹತ್ತಿರ ಕೂತು ತಾಯಿಯೊಡನೆ ಮಾತಾಡಿದೆ. ಬಂದು ಮನೆಯೊಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಸೆರಗು ಹಿಡಿದು ಬಾಗಿನ ಕೊಟ್ಟೆ. ಆಕೆಯ ಕಣ್ಣು ತುಂಬಿತು. ರವಿಕೆ ಬಟ್ಟೆಯನ್ನು ಸ್ಕಾರ್ಫಿನ ಹಾಗೆ ಕತ್ತಿಗೆ ಸುತ್ತಿ ಮುಂದೆ ಗಂಟು ಹಾಕಿಕೊಂಡರು. ನಮ್ಮ ಯಜಮಾನರು ಮೂರು ದಿನದಿಂದ ಹುಡುಕುತ್ತಿದ್ದ ಫ್ರೆಂಚ್ ಹೆಂಗಸು ಆಗ ಕಂಡರು.

"ಹರಕೆ ತೀರಿತು ರೀ" ಅಂದೆ. ಮಾತು ಮುಗಿಯುವ ಮೊದಲೇ ಕಾರು ಸ್ಟಾರ್ಟ್ ಆಗಿತ್ತು.

ಮೆರವಣಿಗೆ

ಕ್ರೈಸ್ಟ್‌ಚರ್ಚ್‌ಗೆ ಮರಳುವ ಗುಡ್ಡದ ರಸ್ತೆಯನ್ನು ಯಜಮಾನರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಅಪ್ಪಿಕೊಂಡು ಹತ್ತಲು ಹೊರಟರು. ಊರಂಚಿನಲ್ಲಿ ಚರ್ಚು ಬಂತು. ನಾವಿಬ್ಬರೂ ಉಸಿರು ಬಿಗಿಹಿಡಿದೆವು. ಅವರು ತಲೆ ಮಾತ್ರ ಬಾಗಿಸಿದರು. ದೇವರು ದೊಡ್ಡವನು.

ವೇಗ ಮಾತ್ರ ಎತ್ತಿನಗಾಡಿಯದು. ಹಿಂದೆ ಕಾರುಗಳ ಸಾಲು ಬೆಳೆಯಿತು.

"ಅಪ್ಪಾ, ಪುಲ್ ಓವರ್. ಎಲ್ಲರೂ ವೇಟಿಂಗ್."

"ಇರಲಿ ಬಿಡು. ದೊಡ್ಡವರ ಹಿಂದೆ ಬರುವುದು ಮರ್ಯಾದೆ."

ಸಾಲಿನಿಂದ ಒಂದು ಹಾರ್ನ್ ಒಂದೇ ಸಮ ಕೂಗುತ್ತಿತ್ತು, ದೀಪವೂ ಮಿನುಗುತ್ತಿತ್ತು. "ನೋಡಿದೆಯಾ, ಹೊಸಬರಿಗೆ ಹೇಗೆ ಶುಭಾಶಯ ಹೇಳುತ್ತಾರೆ!" ಅಂತ ಇವರೂ ಹಾರ್ನ್ ಬಾರಿಸಿದರು.

ಗುಡ್ಡದ ತುದಿಯಲ್ಲಿ ನಿಲ್ಲಿಸಿದೆವು. ಹಿಂದಿನ ಕಾರುಗಳು ಬರ್ರೆಂದು ದಾಟಿ ಹೋದವು. ಇಲ್ಲಿಯವರು ಯೂಟ್ ಅನ್ನುವ ಒಂದು ಹಳೆಯ ಸಣ್ಣ ಟ್ರಕ್ಕು ಮಾತ್ರ ಧೂಳೆಬ್ಬಿಸಿ ನಮ್ಮ ಪಕ್ಕ ನಿಂತಿತು. ಇಳಿದವರು ಮನೆಯೊಡತಿ. ಹಣೆಯಲ್ಲಿ ಕುಂಕುಮ, ಕತ್ತಿನಲ್ಲಿ ರವಿಕೆ ಬಟ್ಟೆ, ಕೈಯಲ್ಲಿ ನನ್ನ ಮೊರ!

"ಅಮ್ಮಾ! ಇಟ್ಸ್ ಬ್ಯಾಕ್!" ಅಂತ ಮಗಳು ಕಿರುಚಿದಳು.

ಯಜಮಾನರ ಮುಖ ಒಣಗಿದ ನಿಂಬೆಹಣ್ಣಾಯಿತು. ಕೀಲಿ ಮಗಳ ಕೈಗಿಟ್ಟು, ಬಾಗಿಲು ತೆರೆದು ಹಿಂದಿನ ಸೀಟಿನಲ್ಲಿ ಹೋಗಿ ಕೂತುಬಿಟ್ಟರು.

"ಕೆಳಗಿನಿಂದ ಹಾರ್ನ್ ಹೊಡೆಯುತ್ತಲೇ ಬಂದೆ. ನಿಮ್ಮವರು ನಿಲ್ಲಿಸಲೇ ಇಲ್ಲ!" ಅಂದರು ಆಕೆ, ಏದುಸಿರು ಬಿಡುತ್ತ. ಮೊರದಲ್ಲಿ ಪ್ಲಮ್ ಹಣ್ಣಿನ ಜಾಮು, ವಾಲ್‌ನಟ್ಟು, ಹಿತ್ತಲಿನ ನಿಂಬೆಹಣ್ಣು, ಆಗಷ್ಟೇ ಬೇಯಿಸಿದ ಬಿಸಿ ಬ್ರೆಡ್ಡು. "ಒಂದು ಮೊರ ನನಗೆ, ಒಂದು ನಿಮಗೆ. ಕೊಟ್ಟವರನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುತ್ತಿದ್ದರು ನಮ್ಮಜ್ಜಿ."

ನಾನು ಸೆರಗೊಡ್ಡಿ ಇಸಿದುಕೊಂಡೆ. ಬಾಗಿನಕ್ಕೆ ಎದುರು ಬಾಗಿನ! ನಾನು ಹೇಳಿಕೊಟ್ಟಿರಲೇ ಇಲ್ಲ.

"ಇಳಿದು ಮುಂದಕ್ಕೆ ಬನ್ನಿ ರೀ. ತಾಯಿ ಒಪ್ಪಿದ್ದಾಳೆ" ಅಂದೆ.

ಹಿಂದಿನ ಸೀಟಿನಿಂದ ಜಿಗಿದು ಬಂದ ಯಜಮಾನರು, ಎರಡೂ ಕೈ ಎತ್ತಿ ಆಕೆಗೆ ಮುಗಿದರು.

ಆ ಎರಡೂ ಕೈ ಎದ್ದದ್ದು ಕಂಡದ್ದೇ ಮಗಳು ಓಡಿಹೋಗಿ, ನಿಂತ ಕಾರಿಗೂ ಹ್ಯಾಂಡ್‌ಬ್ರೇಕ್ ಎಳೆದಳು.

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೂ ಆ ಗಂಗಾಧರ ಒಳ್ಳೆಯದು ಮಾಡಲಿ. ನೀವು ಕೊಟ್ಟದ್ದು ತುಂಬಿ ಮರಳಿ ಬರಲಿ, ನಿಮ್ಮ ದಾರಿಯ ಗುಡ್ಡಗಳೆಲ್ಲ ಸಲೀಸಾಗಲಿ, ಮತ್ತು ನೀವು ಹೋಗುವ ರಸ್ತೆಯಲ್ಲಿ ನಿಮ್ಮ ಮುಂದೆ ನಮ್ಮ ಯಜಮಾನರು ಸಿಗದಿರಲಿ.