ಸೋಲಾರಿಗೆ ಸುಣ್ಣದ ಪಟ್ಟೆ

ಕೊಟ್ರಯ್ಯನ ಮನೆಯ ತಾಮ್ರದ ಹಂಡೆ ಸೋಲಾರ್ ಅಂಗಡಿಯ ಪಾಲಾಗಿ ಹದಿನೈದು ದಿನವಾಗಿತ್ತು. ಹಳೇ ಹಂಡೆ ತಂದುಕೊಟ್ಟರೆ ಹೊಸ ಸೋಲಾರ್ ಹೀಟರಿನ ಬೆಲೆಯಲ್ಲಿ ರಿಯಾಯಿತಿ ಎಂದು ಅಂಗಡಿಯ ಮುರುಗೇಶ್ ಹೇಳಿದ್ದೇ ತಡ, ಹೊಸಪೇಟೆಯ ಆ ಓಣಿಯಿಂದ ಮೊದಲು ಹಂಡೆ ಹೊತ್ತು ಓಡಿದವನು ಇವನೇ. ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿ ಇಪ್ಪತ್ತು ವರ್ಷ ಹೊಟ್ಟಿನ ಧೂಳು, ಹೊಗೆ ಕುಡಿದವನಿಗೆ ಹೊಗೆಯ ಮೇಲಿದ್ದ ಸಿಟ್ಟು ನಿಜವಾದದ್ದೇ. ಆದರೆ ಸಿಟ್ಟನ್ನು ತನ್ನಲ್ಲೇ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ. ಓಣಿಯ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಕಾರ್ಬನ್ ಕುರಿತು ಒಂದು ಉಪದೇಶ ಬೀಳುತ್ತಿತ್ತು. ಅದನ್ನು ಓದಿದರೆ, ಪಕ್ಕದ ಮನೆ ವಿರುಪಮ್ಮನ ಬಚ್ಚಲ ಒಲೆಯೊಂದು ಆರಿದರೆ ಸಾಕು, ಭೂಮಿ ತಣ್ಣಗಾಗುತ್ತದೆ ಅನ್ನಿಸುತ್ತಿತ್ತು. ಮೋಡದ ದಿನಕ್ಕಿರಲಿ ಎಂದು ಮುರುಗೇಶ್ ಟ್ಯಾಂಕಿಗೊಂದು ಕರೆಂಟಿನ ಕಾಯಿಲ್ ಹಾಕಿಕೊಡಲು ಬಂದಾಗ, "ನಮ್ಮನಿ ನೀರಿಗೆ ಕಲ್ಲಿದ್ದಲಿನ ಕರೆಂಟ್ ಬ್ಯಾಡ" ಎಂದು ಹೇಳಿ, ಹೇಳಿದ್ದನ್ನೂ ಗುಂಪಿಗೆ ಹಾಕಿದ್ದ.

ತೊಂದರೆ ಶುರುವಾದದ್ದು ನೀರು ತುಂಬುವ ಹಬ್ಬದ ಬೆಳಿಗ್ಗೆ. ಮರುದಿನ ನಸುಕಿನಲ್ಲಿ ದೀಪಾವಳಿಯ ಎಣ್ಣೆ ಸ್ನಾನ. ಅಳಿಯ ಹಾಲೇಶನಿಗೆ ಮಾವನ ಮನೆಯಲ್ಲಿ ಅದು ಮೊದಲ ದೀಪಾವಳಿ. ಸಂಡೂರಿನಿಂದ ಹಿಂದಿನ ದಿನವೇ ಹೆಂಡತಿಯೊಂದಿಗೆ ಬಂದಿಳಿದಿದ್ದ. ಬರುವಾಗಲೇ, ಸೋಲಾರ್ ಚೆನ್ನಾಗಿದ್ದರೆ ತಾವೂ ಹಾಕಿಸುವುದಾಗಿ ಅಪ್ಪ ಹೇಳಿದ್ದಾರೆ ಎಂದಿದ್ದ. ಬೀಗರ ಮುಂದೆ ಕೊಟ್ರಯ್ಯನ ಮಾನವೆಲ್ಲ ಈಗ ಆ ಒಂದು ಬಕೆಟ್ ಬಿಸಿನೀರಿನಲ್ಲಿತ್ತು.

ತಾಯಿ ಮರುಳಸಿದ್ದಮ್ಮ ಬಚ್ಚಲಿಗೆ ಹೋಗಿ ಬೋಳು ಒಲೆಯನ್ನು ನೋಡಿ ಮಗನನ್ನು ಕೂಗಿದಳು.

"ಲೇ ಕೊಟ್ರಾ, ಹಂಡೆ ಇಲ್ದಾ ನೀರು ತುಂಬೋ ಪೂಜಿ ಎಲ್ಲಿ ಮಾಡ್ಲಿ?"

ಕೊಟ್ರಯ್ಯ ಮಾಳಿಗೆಯತ್ತ ಬೆರಳು ತೋರಿಸಿದ. ಮುದುಕಿ ಕೊಂಚ ಯೋಚಿಸಿ, ನೀರು ಎಲ್ಲಿ ಕಾಯುತ್ತದೋ ಅದೇ ಹಂಡೆ, ಶಾಸ್ತ್ರವೆಲ್ಲ ಅದಕ್ಕೇ ಆಗಲಿ ಎಂದು ತೀರ್ಪು ಕೊಟ್ಟಳು. ಅವಳಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗದು. ಹೀಗಾಗಿ ಶಾಸ್ತ್ರ ಬಲ್ಲ ವಿರುಪಮ್ಮನಿಗೆ ಕರೆ ಹೋಯಿತು. ಆಕೆ ಓಣಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡೇ ಬಂದಳು.

ಶಾಸ್ತ್ರದ ಪ್ರಕಾರ ಹಳೇ ನೀರು ಒಂದು ಹನಿಯೂ ಉಳಿಯಕೂಡದು. ಟ್ಯಾಂಕಿನ ಇನ್ನೂರು ಲೀಟರ್ ನೀರನ್ನು ಚರಂಡಿಗೆ ಬಿಟ್ಟರು. ಎಷ್ಟು ಬಿಸಿ ಇದೆ ನೋಡೋಣವೆಂದು ಕೈಯೊಡ್ಡಿದ ವಿರುಪಮ್ಮ ಹಾರಿ ಹಿಂದೆ ಸರಿದಳು. ಬೆಂಕಿ ಕಾಣದ ನೀರು ಕೈ ಸುಡುವುದೆಂದರೇನು! ಕೆಂಪಾದ ಬೆರಳುಗಳನ್ನು ಆಕೆ ಬಹಳ ಹೊತ್ತು ನೋಡಿಕೊಂಡಳು. ಎರಡು ವರ್ಷ ತನ್ನ ಉಪದೇಶಕ್ಕೆ ಜಗ್ಗದವಳು ಬೆರಳು ಸುಟ್ಟುಕೊಂಡು ಬಾಯಿ ಮುಚ್ಚಿದ್ದನ್ನು ಕಂಡು ಕೊಟ್ರಯ್ಯನಿಗೆ ಹೊಟ್ಟೆ ತುಂಬಿದಂತಾಯಿತು. ಆ ಖುಷಿಯಲ್ಲೇ ಹೂವು ತರಲು ಪೇಟೆಗೆ ಹೋದ.

ಬರುವಷ್ಟರಲ್ಲಿ ಟ್ಯಾಂಕಿಗೆ ನಳದ ಹೊಸ ತಣ್ಣೀರು ತುಂಬಿತ್ತು. ಹಂಡೆಗೆ ಬಳಿಯುವಂತೆಯೇ ಇಪ್ಪತ್ತು ಕಪ್ಪು ಗಾಜಿನ ಕೊಳವೆಗಳಿಗೂ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಒತ್ತೊತ್ತಾಗಿ ಬಿದ್ದಿತ್ತು. ಸುತ್ತ, ಹಬ್ಬಕ್ಕೆ ಹಂಡೆಯ ಕೊರಳಿಗೆ ಕಟ್ಟುವ ಹಿಂಡಲಕಾಯಿ ಬಳ್ಳಿ. ಎರಡೂ ಕಡೆ ಕಮಲಾಪುರದ ಬಾಳೆಕಂಬ. ಯಾರ ಕಣ್ಣೂ ತಾಗದಿರಲೆಂದು ಎಲ್ಲದರ ಮೇಲೆ ಮರುಳಸಿದ್ದಮ್ಮನ ಹಸಿರು ಇಳಕಲ್ ಸೀರೆ. ಸೋಲಾರ್ ಸೀಮಂತಕ್ಕೆ ಕೂತ ಬಸುರಿಯ ಹಾಗೆ ತುಂಬಿಕೊಂಡು ಕೂತಿತ್ತು. ಕೊಟ್ರಯ್ಯ ತಾಯಿಯ ಬಳಿಗೆ ಕೆಳಗೋಡಿದ.

"ಯವ್ವಾ, ಇದಕ್ಕ ಬಿಸಿಲು ಬೀಳಬೇಕು. ಸೀರಿ ತೆಗಿಸು, ಸುಣ್ಣ ಒರಸ್ತೀನಿ."

"ಪೂಜಿ ಆದ ಹಂಡೆ ಅದು. ನಾಳೆ ಅಳಿಯನ ತಲಿ ಮ್ಯಾಲ ಮೊದಲ ತಂಬಿಗಿ ಬೀಳೋತನಕ ಒಂದು ಎಲಿ ಸೈತ ಅಲುಗಿಸಂಗಿಲ್ಲ."

ಹಬ್ಬದ ದಿನ ತಾಯಿಯ ಮಾತು ಮೀರುವ ಎದೆಗಾರಿಕೆ ಕೊಟ್ರಯ್ಯನಿಗಿರಲಿಲ್ಲ. ಸೂರ್ಯ ಇಡೀ ದಿನ ಇಳಕಲ್ ಸೀರೆಯನ್ನು ಕಾಯಿಸಿದ. ಮೂರು ಗಂಟೆಗೆ ನಳ ತಿರುಗಿಸಿ ನೋಡಿದರೆ ನೀರು ಹೊಳೆಯ ನೀರಿನಷ್ಟು ತಣ್ಣಗೆ. ಬಚ್ಚಲ ಒಲೆಗೆ ಬೇರೆ ಪಾತ್ರೆ ಇಡೋಣವೆಂದರೆ, ಹಂಡೆ ಹೋದ ದಿನವೇ ಕಟ್ಟಿಗೆಯನ್ನೆಲ್ಲ ಮನೆಯಿಂದ ಸಾಗಹಾಕಿದ್ದ. ಗ್ಯಾಸಿನ ಮೇಲಾದರೂ ಕಾಯಿಸೋಣವೆಂದರೆ, ಬೆಳಗಿನಿಂದ ಹೋಳಿಗೆ ಬೇಯಿಸಿದ ಸಿಲಿಂಡರ್ ಆಗಷ್ಟೇ ಉಸಿರು ಬಿಟ್ಟಿತ್ತು. ಇನ್ನೊಂದು ಬರುವುದು ಹಬ್ಬ ಕಳೆದ ಮೇಲೆ ಎಂದು ಹೆಂಡತಿ ಗಂಗಾಂಬಿಕಾ ಮುಖ ಊದಿಸಿಕೊಂಡು ಕೂತಿದ್ದಳು.

ಉಳಿದದ್ದು ಒಂದೇ ದಾರಿ. ಗುಟ್ಟಾಗಿ ಒಂದು ಕರೆಂಟಿನ ಕಾಯಿಲ್ ತರುವುದು. ಕಲ್ಲಿದ್ದಲಿನ ಮಾತು ಆಡಿದ ಬಾಯನ್ನು ಶಪಿಸುತ್ತ ಸ್ಕೂಟರ್ ಹತ್ತಿದ. ಎಲೆಕ್ಟ್ರಿಕ್ ಅಂಗಡಿಗೆ ಹೋಗುವ ದಾರಿಯಲ್ಲೇ ಮುರುಗೇಶನ ಅಂಗಡಿ. ಅದರ ಮುಂದೆ ಆಳೆತ್ತರದ ಬ್ಯಾನರ್. ಅದರಲ್ಲಿ ಓಣಿಯ ಮೊದಲ ಗಿರಾಕಿಯಾಗಿ ಕೈ ಮುಗಿದು ನಗುವವನು ಕೊಟ್ರಯ್ಯನೇ. ತಲೆ ತಗ್ಗಿಸಿ ದಾಟುವಷ್ಟರಲ್ಲಿ ಮುರುಗೇಶ್ ಬಂದು ಹ್ಯಾಂಡಲ್ ಹಿಡಿದು ಒಳಗೆ ಕರೆದೊಯ್ದ. ಹಂಡೆ ರಿಯಾಯಿತಿಗೆ ಅದೇ ಕೊನೆಯ ದಿನವಂತೆ. ಕೊಳ್ಳಲೋ ಬೇಡವೋ ಎಂದು ಓಣಿಯ ಐದಾರು ಜನ ಅಲ್ಲಿ ತಲೆ ಕೆರೆಯುತ್ತಿದ್ದರು. ವಿರುಪಮ್ಮನ ಮಗ ಮನೋಹರ್ ಎದ್ದು ನಿಂತ.

"ಕಾಕಾ, ನಮ್ಮವ್ವ ಮುಂಜಾನಿಂದ ಸೋಲಾರ್ ಸೋಲಾರ್ ಅಂತಾಳ. ನೀವು ಖರೇ ಹೇಳ್ರಿ, ನಸುಕಿನ್ಯಾಗ ನೀರು ಬಿಸಿ ಇರತೈತ್ಯಾ?"

ಎಲ್ಲರ ಕಣ್ಣೂ ಕೊಟ್ರಯ್ಯನ ಮೇಲೆ. ಹಿಂದಿನಿಂದ ಬ್ಯಾನರಿನ ಕೊಟ್ರಯ್ಯನೂ ನೋಡುತ್ತಿದ್ದ. ನಿಜ ಹೇಳಲು ಬಾಯಿ ತೆರೆದವನಿಗೆ ವಾಟ್ಸಾಪ್ ಗುಂಪು ನೆನಪಾಯಿತು.

"ಬಿಸಿ ಅಂದ್ರೇನಪಾ, ಇಡೀ ಓಣಿ ಬಂದು ಮಿಂದ್ರೂ ಮುಗಿಯಂಗಿಲ್ಲ" ಎಂದ.

ಆಮೇಲೆ ಮುರುಗೇಶ್ ಚಹಾ ತರಿಸಿದ, ಶಾಲು ಹೊದಿಸಿದ, ಫೋಟೋ ತೆಗೆಸಿದ. ಕೊಟ್ರಯ್ಯ ಬಿಡಿಸಿಕೊಂಡು ಹೋಗುವಷ್ಟರಲ್ಲಿ ಎಲೆಕ್ಟ್ರಿಕ್ ಅಂಗಡಿ ಹಬ್ಬಕ್ಕೆ ಬಾಗಿಲೆಳೆದಿತ್ತು. ಬರಿಗೈಯಲ್ಲಿ ಮನೆಗೆ ಬಂದ.

ದೀಪ ಹಚ್ಚುವ ಹೊತ್ತು. ಹೊಗೆಯೋ ಕಾರ್ಬನ್ನೋ, ಅಳಿಯನ ತಲೆಗೆ ಬಿಸಿನೀರು ಬಿದ್ದರೆ ಸಾಕಾಗಿತ್ತು ಅವನಿಗೆ. ವಿರುಪಮ್ಮನ ಕೈಕಾಲು ಹಿಡಿದಾದರೂ ನಸುಕಿಗೆ ಆಕೆಯ ಹಂಡೆಯಿಂದ ಎರಡು ಕೊಡ ನೀರು ಕೊಡಲು ಒಪ್ಪಿಸಬೇಕು. ಎರಡು ಖಾಲಿ ಕೊಡ ಎತ್ತಿಕೊಂಡು, ಹೇಳಬೇಕಾದ ಮಾತನ್ನು ಉರು ಹಚ್ಚುತ್ತ ಹೊರಬಿದ್ದ.

ಗೇಟಿನಲ್ಲೇ ವಿರುಪಮ್ಮ ಎದುರಾದಳು. ಅವಳ ಕಂಕುಳಲ್ಲೂ ಕೊಡ. ಹಿಂದೆ ಓಣಿಯ ಹೆಂಗಸರು. ಅವರ ಕೈಯಲ್ಲೂ ಕೊಡ, ಬಕೆಟ್ಟು.

"ನಿಮ್ಮ ಮಾತು ಕೇಳಿ ಎಲ್ಲಾರೂ ಹಂಡೆ ಕೊಟ್ಟುಬಿಟ್ವಿ ಕೊಟ್ರಯ್ಯನೋರ. ಲಾರಿಗೆ ಹಾಕ್ಕೊಂಡು ಹೋದ್ರು. ಹೊಸದು ಕುಂದ್ರಿಸೋದು ಹಬ್ಬ ಆದ ಮ್ಯಾಲಂತ. ನಾಳಿ ನಸುಕಿಗೆ ನಿಮ್ಮನಿಯಿಂದನಾ ನೀರು ಒಯ್ಯೋದು, ಕೊಡ ಈಗಾ ಇಟ್ಟು ಹೋಗೋಣಂತ ಬಂದ್ವಿ" ಎಂದ ವಿರುಪಮ್ಮ ಅವನ ಕೈ ನೋಡಿದಳು. "ಅಯ್ಯ, ನಮ್ಮನಿಗೆ ನೀರು ಹೊತ್ತು ಕೊಡಾಕ ನೀವಾ ಕೊಡ ಹಿಡ್ಕೊಂಡು ಬಂದ್ರ್ಯಾ? ಭಾಳ ದೊಡ್ಡ ಮನಸು ನಿಮ್ದು."

ಒಬ್ಬೊಬ್ಬರಾಗಿ ಕಟ್ಟೆಯ ಮೇಲೆ ಕೊಡ ಇಟ್ಟರು. ಕೊಟ್ರಯ್ಯನೂ ತನ್ನ ಎರಡು ಕೊಡಗಳನ್ನು ಆ ಸಾಲಿನ ಕೊನೆಗೆ ಇಟ್ಟ.

ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಅಳಿಯನ ಕಿವಿಯಲ್ಲಿ ಫೋನಿತ್ತು. "ಹ್ಞೂ ಅಪ್ಪಾಜಿ, ಓಣಿ ಮಂದಿ ಎಲ್ಲಾ ಇಲ್ಲೇ ಬರಾಕ ಹತ್ಯಾರ. ಇನ್ನೇನು ನೋಡೋದೈತಿ? ನಮ್ಮ ಹಂಡೇನೂ ಇವತ್ತಾ ಕೊಟ್ಟುಬಿಡ್ರಿ."